ಒಳಗೇ ಇರ್ಲಿ

ನಮ್ಮ ಕೆಲ್ಲಮ್ ಊರಿನಲ್ಲಿ ಜನ ಬೆಳಿಗ್ಗೆ ಎದ್ದು ದೇವರನ್ನು ನೆನೆಯುವುದಿಲ್ಲ, ಜೈಲಿನ ಪಟ್ಟಿ ನೋಡುತ್ತಾರೆ. ಹಿಂದಿನ ರಾತ್ರಿ ಯಾರನ್ನು ಹಿಡಿದು ತಂದರು, ಯಾತಕ್ಕೆ ತಂದರು ಎಂಬುದನ್ನೆಲ್ಲ ಕೌಂಟಿ ಜೈಲಿನವರು, ಅಂದರೆ ಜಿಲ್ಲಾ ಜೈಲಿನವರು, ಫೋಟೋ ಸಮೇತ ಫೋನಿನಲ್ಲಿ ಸಿಗುವ ಹಾಗೆ ಹಾಕಿಬಿಡುತ್ತಾರೆ. ಸಾರ್ವಜನಿಕರಿಗೆ ಅಂತಲೇ ಇಟ್ಟಿರುವ ಪಟ್ಟಿ, ಯಾರು ಬೇಕಾದರೂ ನೋಡಬಹುದು. ಕಾಫಿ ಕುದಿಯುವಷ್ಟರಲ್ಲಿ ಊರಿಗೆ ಊರೇ ಅದನ್ನು ಓದಿ ಮುಗಿಸಿರುತ್ತದೆ. ‘ಅರೆಸ್ಟ್ ಆದ’ ಎಂದು ಇಲ್ಲಿ ಯಾರೂ ಹೇಳುವುದಿಲ್ಲ, ‘ಪಟ್ಟಿಗೆ ಬಂದ’ ಎನ್ನುತ್ತಾರೆ, ಪರೀಕ್ಷೆಯಲ್ಲಿ ಪಾಸಾದವರ ಹಾಗೆ. ಪೆಟ್ರೋಲ್ ಬಂಕಿನಲ್ಲಿ ಅದೇ ಮಾತು, ಕ್ಷೌರದಂಗಡಿಯಲ್ಲಿ ಅದೇ ಮಾತು, ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಪಾಸ್ಟರ್ ಬರುವ ತನಕವೂ ಅದೇ ಮಾತು. ಗಣಿ ಮುಚ್ಚಿದ ಮೇಲೆ ಈ ಊರಿಗೆ ಬೇರೆ ಸುದ್ದಿಯಾದರೂ ಎಲ್ಲಿಂದ ಬರಬೇಕು, ನೀವೇ ಹೇಳಿ.

ಶಾಲೆಯ ಅಡುಗೆಮನೆಯಲ್ಲಿ ಪಟ್ಟಿ ಓದುವ ಕೆಲಸ ಓಪಲ್‌ಳದು. ಓಪಲ್‌ಗೆ ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ಗಂಟಲು. ಮಕ್ಕಳ ತಿಂಡಿಗೆ ಮೆತ್ತನೆಯ ಬನ್ನಿನಂಥ ಬಿಸ್ಕೆಟ್‌ಗೆ ಹಿಟ್ಟು ನಾದುತ್ತ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಒಂದೊಂದೇ ಹೆಸರು ಓದುವಳು.

“ಅಯ್ಯಯ್ಯೋ, ಹಾರ್ಲನ್ ಮತ್ತೆ ಬಂದಿದಾನೆ ನೋಡ್ರೇ! ಕುಡಿದು ಹುಲ್ಲು ಕತ್ತರ್ಸೋ ಮಿಷನ್ ಹತ್ಕೊಂಡು ಹೈವೇಲಿ ಹೋಗ್ತಿದ್ನಂತೆ.”

“ಎಲ್ಲಿಗಂತೆ?”

“ಇನ್ನಷ್ಟು ಕುಡಿಯೋಕೆ!”

ಎಲ್ಲರೂ ನಗುವರು. ಒಲೆಯ ಹತ್ತಿರ ನಿಂತ ವರ್ನೀಟಾ ಮಾತ್ರ ನಗುತ್ತಿರಲಿಲ್ಲ. ಅವಳು ಅಲ್ಲಿನ ಹಿರಿಯ ಅಡುಗೆಯವಳು. ಈ ಊರಿನ ಅರ್ಧ ಜನ ಚಿಕ್ಕಂದಿನಲ್ಲಿ ಅವಳ ಕೈಯಿಂದಲೇ ತಟ್ಟೆ ಹಿಡಿದು ಉಂಡವರು. ಅವಳು ಆ ಪಟ್ಟಿಯನ್ನು ಮನೆಯಲ್ಲೇ, ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ನೋಡಿ ಬಂದಿರುತ್ತಿದ್ದಳು. ಊರಿನವರು ಯಾರು ಸಿಕ್ಕಿಬಿದ್ದರು ಎಂದು ನೋಡಿದರೆ, ಅವಳು ನೋಡುತ್ತಿದ್ದದ್ದು ಒಂದೇ ಹೆಸರಿಗಾಗಿ. ಅದು ಮಗಳು ಕ್ಯಾಸಿಯ ಹೆಸರು. ಹೆಸರು ಇದ್ದರೆ ಮಗಳು ಬದುಕಿದ್ದಾಳೆ, ಮೇಲೊಂದು ಸೂರಿದೆ, ಹೊತ್ತಿಗೊಂದಿಷ್ಟು ಏನೋ ಹೊಟ್ಟೆಗೆ ಬೀಳುತ್ತದೆ ಎಂದು ಅರ್ಥ. ಹೆಸರು ಇಲ್ಲದಿದ್ದರೆ ಎಲ್ಲಿದ್ದಾಳೋ, ಹೇಗಿದ್ದಾಳೋ, ದೇವರಿಗೇ ಗೊತ್ತು.

ಯಾವ ತಾಯಿಗೂ ಇಂಥ ಗತಿ ಬರಬಾರದು. ಮಗಳು ಜೈಲಿನಲ್ಲಿದ್ದಾಳೆ ಎಂದರೆ ಹೊಟ್ಟೆ ತುಂಬ ಉಣ್ಣುವ ಗತಿ!

ಕ್ಯಾಸಿ ಹುಟ್ಟಾ ಕೆಟ್ಟವಳೇನಲ್ಲ. ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಕೂರಿಸಿ, ಮೈ ತೊಳೆಸಿ, ತಲೆ ಬಾಚುವ ಕೆಲಸ ಮಾಡುತ್ತಿದ್ದಳು. ಒಬ್ಬ ಭಾರೀ ಅಜ್ಜನನ್ನು ಬೀಳದಂತೆ ಹಿಡಿಯಲು ಹೋಗಿ ಸೊಂಟ ಉಳುಕಿಸಿಕೊಂಡಳು. ಡಾಕ್ಟರು ನೋವಿಗೆ ಮಾತ್ರೆ ಕೊಟ್ಟರು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಮಾತ್ರೆ ಸಿಗದಾದಾಗ ಸೂಜಿ ಬಂತು. ಆಮೇಲೆ ಮನೆಯ ರೇಡಿಯೋ, ಅಜ್ಜಿ ಹೊಲಿದ ಕೌದಿ, ತೀರಿಕೊಂಡ ಅಪ್ಪನ ಬೇಟೆ ಬಂದೂಕು, ಒಂದೊಂದಾಗಿ ಮಾಯವಾದವು. ವರ್ನೀಟಾ ಬೈದಳು, ಅತ್ತಳು, ಬಾಗಿಲಿಗೆ ಚಿಲಕ ಹಾಕಿದಳು, ಮತ್ತೆ ತೆಗೆದಳು. ಏನು ಮಾಡಿದರೂ ಏನೂ ಆಗಲಿಲ್ಲ.

ಮೊದಲ ಸಲ ಪಟ್ಟಿಗೆ ಬಂದಾಗ ಕ್ಯಾಸಿ ಜೈಲಿನಿಂದ ಫೋನ್ ಮಾಡಿದ್ದಳು.

“ಅಮ್ಮಾ, ಫೋಟೋ ನೋಡ್ದ್ಯಾ?”

“ಊರೆಲ್ಲ ನೋಡಿದೆ, ನಾನ್ ನೋಡ್ದೆ ಇರ್ತೀನಾ?”

“ಕೂದ್ಲು ಕಿವಿ ಹಿಂದಕ್ಕೆ ಇತ್ತಲ್ಲ? ಮುಖದ ಮೇಲೆ ಬಿಟ್ಕೋಬೇಡ ಅಂತ ಯಾವಾಗ್ಲೂ ಬೈತಿದ್ಯಲ್ಲ, ಅದಕ್ಕೇ ಸರಿಸ್ಕೊಂಡೆ. ಇನ್ಮೇಲೂ ಹಂಗೇ ಮಾಡ್ತೀನಿ. ನನ್ನ ಕಿವಿ ಕಂಡ್ರೆ ನಾನು ಚೆನ್ನಾಗಿದೀನಿ ಅಂತ ತಿಳ್ಕೋ.”

“ಇನ್ಮೇಲೂ ಅಂದ್ರೆ? ಮತ್ತೆ ಹೋಗೋ ಯೋಚ್ನೆ ಇದ್ಯೇನೇ, ಮೂದೇವಿ!”

ಇಬ್ಬರೂ ನಕ್ಕರು, ನಗುತ್ತಲೇ ಇಬ್ಬರೂ ಅತ್ತರು. ಆಮೇಲೆ ಕ್ಯಾಸಿ ಎಷ್ಟು ಸಲ ಪಟ್ಟಿಗೆ ಬಂದರೂ ಆ ಮಾತು ತಪ್ಪಲಿಲ್ಲ. ಒಂದರಲ್ಲಿ ಕಣ್ಣು ಊದಿತ್ತು, ಇನ್ನೊಂದರಲ್ಲಿ ತುಟಿ ಒಡೆದಿತ್ತು, ಆದರೆ ಎಡಗಡೆಯ ಕೂದಲು ಅಚ್ಚುಕಟ್ಟಾಗಿ ಕಿವಿಯ ಹಿಂದೆ ಇರುತ್ತಿತ್ತು. ಊರಿನವರಿಗೆ ಅದು ಇನ್ನೊಬ್ಬಳು ಕಳ್ಳಿಯ ಫೋಟೋ. ತಾಯಿಗೆ ಅದು ಮಗಳು ಬರೆದು ಹಾಕಿದ ಪತ್ರ.

ಈ ಸಲದ ಚಳಿಗಾಲ ಕಳೆಯುವ ಹೊತ್ತಿಗೆ ಕ್ಯಾಸಿ ಪೂರ್ತಿ ನಾಪತ್ತೆಯಾದಳು. ಮನೆಗೂ ಬರಲಿಲ್ಲ, ಪಟ್ಟಿಗೂ ಬರಲಿಲ್ಲ. ವರ್ನೀಟಾ ಬೆಳಿಗ್ಗೆ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡೆರಡು ಸಲ ನೋಡುವಳು. ಹೆಸರಿಲ್ಲ. ಮಾರನೆಯ ದಿನವೂ ಹೆಸರಿಲ್ಲ. ಅಡುಗೆಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮಕ್ಕಳು ಮುಖ ಕಿವುಚಿ ತಟ್ಟೆ ವಾಪಸ್ ಇಟ್ಟವು. ಓಪಲ್ ಪಟ್ಟಿ ಓದುವುದನ್ನೇ ನಿಲ್ಲಿಸಿದಳು. ಅವಳ ಮಟ್ಟಿಗೆ ಅದೇನು ಸಣ್ಣ ತ್ಯಾಗವಲ್ಲ.

ಕೊನೆಗೆ ಸುದ್ದಿ ತಂದದ್ದೂ ಓಪಲ್‌ಳೇ.

“ವರ್ನೀಟಾ, ಇಲ್ಲಿ ಬಾ. ಹಳೇ ಗಣಿ ಬಾಯಿ ಹತ್ರ ಗಾಲಿ ಮುರಿದ ಕ್ಯಾಂಪರ್ ವ್ಯಾನ್ ಒಂದು ನಿಂತಿದ್ಯಲ್ಲ, ಅದ್ರಲ್ಲಿ ಇದಾಳಂತೆ. ಅವಳ ಹಾಗೇ ಸೂಜಿ ಚುಚ್ಕೊಳ್ಳೋ ಆ ಡ್ಯೂಯಿ ಜೊತೆ.”

“ಬದುಕಿದಾಳಾ?”

“ಬದುಕಿದಾಳೆ ಕಣೇ. ಆದ್ರೆ ನೀನು ಹೋಗ್ಬೇಡ. ಹೋದ ಸಲ ಹೋದಾಗ ಕಾಡಿಗೆ ಓಡಿಹೋದ್ಲಲ್ಲ.”

ವರ್ನೀಟಾ ಹೋಗಲಿಲ್ಲ. ಏಪ್ರನ್ನಿಗೆ ಕೈ ಒರೆಸಿಕೊಂಡು ಕೋಲ್ಬಿಗೆ ಫೋನ್ ಮಾಡಿದಳು. ಕೋಲ್ಬಿ ಈಗ ಕೌಂಟಿಯ ಪೊಲೀಸ್ ಮುಖ್ಯಸ್ಥ ಶೆರಿಫನ ಕೈಕೆಳಗಿನ ಪೊಲೀಸು. ಒಂದು ಕಾಲದಲ್ಲಿ ಆಲೂಗಡ್ಡೆ ಎರಡು ಸಲ ಹಾಕಿಸಿಕೊಳ್ಳಲು ಅವಳ ಸಾಲಿನಲ್ಲಿ ಹಲ್ಲು ಕಿರಿಯುತ್ತ ನಿಲ್ಲುತ್ತಿದ್ದ ಹುಡುಗ.

“ಕೋಲ್ಬಿ, ಕೋರ್ಟಿಗೆ ಹಾಜರಾಗ್ಲಿಲ್ಲ ಅಂತ ಕ್ಯಾಸಿ ಮೇಲೆ ವಾರಂಟ್ ಇದ್ಯಲ್ಲ? ಅವಳೆಲ್ಲಿದಾಳೆ ಅಂತ ಹೇಳ್ತೀನಿ. ಹೋಗಿ ಹಿಡ್ಕೊಂಬಾ.”

“ವರ್ನೀಟಮ್ಮಾ, ಯೋಚ್ನೆ ಮಾಡಿ ಹೇಳ್ತಿದೀರಾ? ನೀವೇ ಹಿಡ್ಕೊಟ್ರಿ ಅಂತ ಅವಳಿಗೆ ಗೊತ್ತಾಗುತ್ತೆ.”

“ಗೊತ್ತಾಗ್ಲಿ. ಬೈಲಿ, ಉಗೀಲಿ. ಜೀವ ಇದ್ರೆ ತಾನೇ ಬೈಯೋದು.”

ಆ ಸಂಜೆಯೇ ಕೋಲ್ಬಿ ಮತ್ತೆ ಫೋನ್ ಮಾಡಿದ. “ಕರ್ಕೊಂಬಂದ್ವಿ. ನೀವು ಬಂದು ಸಹಿ ಹಾಕಿದ್ರೆ ನಿಮ್ಮ ಜೊತೆ ಮನೆಗೆ ಕಳಿಸ್ತಾರಂತೆ. ಬರ್ತೀರಾ? ಅವಳಿಗೆ ಮೈ ಅಷ್ಟು ಸರಿ ಇದ್ದಂಗಿಲ್ಲ.”

ಎದ್ದು ಕೋಟು ತೊಟ್ಟುಕೊಂಡು ಹೊರಡಬೇಕೆನಿಸಿತು ವರ್ನೀಟಾಗೆ. ಆದರೆ ಹಿಂದೆ ಎರಡು ಸಲ ಹಾಗೆ ಸಹಿ ಹಾಕಿ ಕರೆತಂದು, ಉಣ್ಣಲು ಹಾಕಿ, ಮಲಗಿಸಿ, ಬೆಳಿಗ್ಗೆ ನೋಡಿದರೆ ಕಿಟಕಿ ತೆರೆದಿತ್ತು, ಹಾಸಿಗೆ ಖಾಲಿ ಇತ್ತು. ಮನೆಗೆ ತಂದರೆ ಉಳಿಸಿಕೊಳ್ಳುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಬ್ಬಿಣದ ಬಾಗಿಲಿಗೆ ಆ ಶಕ್ತಿ ಇತ್ತು.

“ನಶೆ ಇಳಿಯೋವಾಗ ಎಲ್ರಿಗೂ ಹಂಗೇ ಆಗುತ್ತೆ ಕೋಲ್ಬಿ. ಅಲ್ಲಿ ನರ್ಸ್ ಇರ್ತಾಳಲ್ಲ. ಬಿಡಬೇಡಿ ಕಣಪ್ಪಾ. ಒಳಗೇ ಇರ್ಲಿ.”

ಮರುದಿನ ಬೆಳಿಗ್ಗೆ ಪಟ್ಟಿಯಲ್ಲಿ ಹೆಸರಿತ್ತು. ವರ್ನೀಟಾಗೆ ಹೋದ ಜೀವ ಬಂದಂತಾಯಿತು. ಆಮೇಲೆ ಫೋಟೋ ನೋಡಿದಳು. ಎಡಗಡೆಯ ಕೂದಲು ಮುಖದ ಮೇಲೆ ಇಳಿಬಿದ್ದಿತ್ತು. ಕಿವಿ ಕಾಣುತ್ತಿರಲಿಲ್ಲ. ಕಣ್ಣು ಕ್ಯಾಮೆರಾ ಕಡೆ ನೋಡುತ್ತಿರಲಿಲ್ಲ, ಎಲ್ಲೋ ಕೆಳಗೆ ನೋಡುತ್ತಿತ್ತು.

ಅಡುಗೆಮನೆಯಲ್ಲಿ ಓಪಲ್ ಕನ್ನಡಕ ಮೂಗಿನ ತುದಿಗಿಳಿಸಿ ನೋಡಿದಳು. “ಇದೇನೇ ಇದು, ಮುಖದ ಮೇಲೆ ಕೂದ್ಲು ಚೆಲ್ಕೊಂಡು ನಿಂತಿದಾಳೆ?”

“ಸಿಟ್ಟು,” ಎಂದಳು ವರ್ನೀಟಾ. “ನಾನೇ ಹಿಡ್ಕೊಟ್ಟೆ, ನಾನೇ ‘ಬಿಡಬೇಡಿ, ಒಳಗೇ ಇರ್ಲಿ’ ಅಂದೆ ಅಂತ ಗೊತ್ತಾಗಿದೆ. ನನ್ ಹತ್ರ ಮಾತು ಬಿಟ್ಟಿದಾಳೆ.”

“ಬಿಡು ಮಾರಾಯ್ತಿ, ನಾಲ್ಕು ದಿನ ಕಳೆದ್ರೆ ತಾನೇ ಬರ್ತಾಳೆ ದಾರಿಗೆ.”

“ಬರ್ತಾಳೆ. ಎಲ್ಲಿಗೆ ಹೋಗ್ತಾಳೆ?”

ಭೇಟಿಯ ದಿನ ಬಂತು, ವರ್ನೀಟಾ ಹೋಗಲಿಲ್ಲ. ಅವಳೇ ಫೋನ್ ಮಾಡಲಿ ಎಂದು ಕಾದಳು. ಫೋನ್ ಬರಲಿಲ್ಲ. ಬಾರದಷ್ಟೂ ಇವಳ ಹಟ ಬಲಿಯಿತು. ಹೆತ್ತವಳಿಗೇ ಇಷ್ಟು ಸೊಕ್ಕು ತೋರಿಸುತ್ತೀಯಾ, ತೋರಿಸು, ನೋಡೋಣ. ಆದರೂ ಬೆಳಿಗ್ಗೆ ಎದ್ದು ಹೆಸರು ನೋಡುವಳು, ಇದೆಯಲ್ಲ ಎಂದುಕೊಂಡು ನೆಮ್ಮದಿಯಿಂದ ಬಿಸ್ಕೆಟ್‌ಗೆ ಗ್ರೇವಿ ಸುರಿದುಕೊಂಡು ತಿನ್ನುವಳು. ಚಳಿಗಾಲದಿಂದ ಕಾಣದ ನಿದ್ದೆ ಆ ದಿನಗಳಲ್ಲಿ ಬಂತು.

ಶನಿವಾರ ಬೆಳಿಗ್ಗೆ ಪಟ್ಟಿ ತೆರೆದರೆ, ಕ್ಯಾಸಿಯ ಹೆಸರಿನ ಮುಂದೆ ‘ಬಿಡುಗಡೆ’ ಎಂದಿತ್ತು.

ವರ್ನೀಟಾ ಹಾಸಿಗೆಯಲ್ಲೇ ಎದ್ದು ಕೂತಳು. ಜೈಲಿಗೆ ಫೋನ್ ಮಾಡಿದಳು. ಅಲ್ಲಿ ವಿಚಾರಣೆಯ ಕಿಟಕಿಯಲ್ಲಿ ಕೂರುವ ಹೆಂಗಸು ಎತ್ತಿಕೊಂಡಳು.

“ನನ್ ಮಗಳನ್ನ ಬಿಟ್ಟಿದೀರಂತೆ. ಯಾರ ಜೊತೆ ಹೋದ್ಲು?”

“ಪಟ್ಟೀಲಿ ಬಿಡುಗಡೆ ಅಂತ ಇದ್ಯಲ್ಲಮ್ಮ. ಅಷ್ಟೇ ನಾವು ಹೇಳೋಕಾಗೋದು.”

“ಯಾರು ಸಹಿ ಹಾಕಿದ್ರು? ನಾನಂತೂ ಹಾಕಿಲ್ಲ!”

“ಅವ್ರ ಸ್ವಂತ ಜವಾಬ್ದಾರಿ ಮೇಲೆ ಬಿಟ್ಟಿದಾರೆ. ಯಾರ ಸಹೀನೂ ಬೇಕಿಲ್ಲ.”

“ಅವಳಿಗೆ ಜವಾಬ್ದಾರಿ ಇದ್ದಿದ್ರೆ ನಿಮ್ಮ ಜೈಲಿಗ್ಯಾಕಮ್ಮ ಬರ್ತಿದ್ಲು!”

ಆ ಹೆಂಗಸು ಆಗಲೇ ಫೋನ್ ಇಟ್ಟುಬಿಟ್ಟಿದ್ದಳು.

ಓಪಲ್ ತನ್ನ ಗಂಡನ ಪಿಕಪ್ ಗಾಡಿ ತಂದಳು. ವರ್ನೀಟಾ ಮಗಳ ದಪ್ಪ ಕೋಟು, ಬಟ್ಟೆಯಲ್ಲಿ ಸುತ್ತಿದ ಮೆಕ್ಕೆಜೋಳದ ರೊಟ್ಟಿ, ಎರಡನ್ನೂ ಮಡಿಲಲ್ಲಿಟ್ಟುಕೊಂಡು ಹತ್ತಿ ಕುಳಿತಳು. ಬಂಕಿನ ಹಿಂದೆ ನೋಡಿದರು, ಸೇತುವೆಯ ಕೆಳಗೆ ನೋಡಿದರು, ಚರ್ಚಿನವರು ಬಡವರಿಗೆ ಊಟದ ಡಬ್ಬಿ ಹಂಚುವ ಕಡೆ ಕೇಳಿದರು. ಕಂಡವರೆಲ್ಲ ಒಂದೇ ಮಾತು: “ಬಿಡುಗಡೆ ಆಗಿದ್ಯಲ್ಲ, ಪಟ್ಟೀಲಿ ನೋಡಿದ್ವಿ.” ಊರಿಗೆಲ್ಲ ಗೊತ್ತು, ಅವಳೆಲ್ಲಿ ಎಂದು ಮಾತ್ರ ಒಬ್ಬರಿಗೂ ಗೊತ್ತಿಲ್ಲ.

“ಕೈಗೆ ಸಿಗ್ಲಿ ಓಪಲ್, ಕಿವಿ ಹಿಡಿದು ತಿರುವಿಬಿಡ್ತೀನಿ. ಒಂದು ಫೋನ್ ಮಾಡೋಕೆ ಏನು ಧಾಡಿ ಇವಳಿಗೆ? ಬೆರಳು ಬಿದ್ದೋಗಿದ್ವಾ?”

“ಬೈ, ಬೈ. ಬೈದ್ರೆ ಹಗುರಾಗುತ್ತೆ,” ಎಂದಳು ಓಪಲ್, ಗೇರು ಬದಲಿಸುತ್ತ.

ಗಣಿಯ ಬಾಯಿಯ ಹತ್ತಿರ ಕ್ಯಾಂಪರ್ ವ್ಯಾನಿನ ಬಾಗಿಲಿಗೆ ಹೊದಿಕೆ ತೂಗುಬಿಟ್ಟಿತ್ತು. ಡ್ಯೂಯಿ ಹೊರಗೆ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದ. ಮೈಯಲ್ಲಿ ಎಲುಬು ಬಿಟ್ಟರೆ ಬೇರೇನೂ ಇಲ್ಲ. ವರ್ನೀಟಾ ಗಾಡಿಯಿಂದ ಇಳಿಯುತ್ತಲೇ ಕೂಗಿದಳು.

“ಎಲ್ಲಿ ಬಚ್ಚಿಟ್ಟಿದೀಯೋ ಅವಳನ್ನ? ಕರಿಯೋ ಹೊರಗೆ!”

ಡ್ಯೂಯಿ ಕಣ್ಣು ಕಿರಿದು ಮಾಡಿ ನೋಡಿದ. “ಇಲ್ಲಿಲ್ಲಮ್ಮ. ಪೊಲೀಸ್ನೋರೇ ಬಂದು ಎತ್ಕೊಂಡ್ಹೋದ್ರಲ್ಲ.”

“ಬಿಟ್ಟಿದಾರೆ ಅವಳನ್ನ. ಸುಳ್ಳು ಬೊಗಳಬೇಡ!”

“ಬಿಟ್ರೂ ಇಲ್ಲೀವರೆಗೂ ಹೆಂಗ್ ಬರ್ತಾಳೆ? ನಡಿಯೋಕೇ ಆಗ್ತಿರ್ಲಿಲ್ಲ ಅವಳಿಗೆ. ತೋಳು ಊದ್ಕೊಂಡು ಕೆಂಡ ಆಗಿತ್ತು. ಜ್ವರ, ನಡುಕ. ಅದು ನಶೆ ಇಳಿಯೋ ನಡುಕ ಅಲ್ಲಮ್ಮ, ಅದನ್ನ ನಾನು ಕಂಡಿಲ್ವಾ? ಆ ಪೊಲೀಸಿಗೂ ಹೇಳ್ದೆ, ಆಸ್ಪತ್ರೆಗೆ ಹಾಕಪ್ಪಾ ಅಂತ. ನನ್ ಮಾತು ಯಾರ್ ಕೇಳ್ತಾರೆ.”

ವರ್ನೀಟಾ ರೊಟ್ಟಿಯ ಗಂಟನ್ನು ಅವನ ಮಡಿಲಲ್ಲಿಟ್ಟು, ಏನು ಮಾಡಿದೆನೆಂದು ತನಗೇ ತಿಳಿಯದೆ, ಗಾಡಿಗೆ ಮರಳಿದಳು. ಯಾವ ತೋಳು ಎಂದು ಕೇಳಲಿಲ್ಲ. ಕೇಳಲು ಧೈರ್ಯ ಸಾಲಲಿಲ್ಲ.

ಕೋಲ್ಬಿ ಶನಿವಾರಗಳಂದು ಬೇಸ್‌ಬಾಲ್ ಮೈದಾನದಲ್ಲಿ ಸಣ್ಣ ಮಕ್ಕಳಿಗೆ ಆಟ ಕಲಿಸುತ್ತಾನೆ. ವರ್ನೀಟಾ ಬೇಲಿಯ ತಂತಿ ಹಿಡಿದು ನಿಂತದ್ದನ್ನು ನೋಡಿ ಓಡಿ ಬಂದ. ಹತ್ತಿರ ಬಂದವನು ಅವಳ ಮುಖ ನೋಡಿ ಟೋಪಿ ತೆಗೆದ.

“ನಿಮಗೆ... ನಿಮಗೆ ಯಾರೂ ಹೇಳ್ಲಿಲ್ವಾ?”

“ಏನು ಹೇಳ್ಬೇಕಿತ್ತು?”

ಕೋಲ್ಬಿ ಸುತ್ತ ನೋಡಿದ. ಅವನ ಕುತ್ತಿಗೆ ಕೆಂಪಾಗಿತ್ತು. “ನಾನು ಹೇಳಿದೆ ಅಂತ ಎಲ್ಲೂ ಅನ್ಬೇಡಿ. ನಿನ್ನೆ ಬೆಳಿಗ್ಗೆ ಆಂಬುಲೆನ್ಸಲ್ಲಿ ಹಾಕಿ ಕಳಿಸಿದ್ರು. ಪ್ರಜ್ಞೆ ಇರ್ಲಿಲ್ಲ. ಕೈದಿ ಆಸ್ಪತ್ರೇಲಿದ್ರೆ ಕಾವಲಿಗೆ ಒಬ್ಬರನ್ನ ಕೂರಿಸ್ಬೇಕು, ಖರ್ಚೆಲ್ಲ ಕೌಂಟಿ ತಲೆ ಮೇಲೆ. ಏನಾದ್ರೂ ಆದ್ರೆ ಜೈಲಲ್ಲಿ ಆಯ್ತು ಅಂತಾಗುತ್ತೆ. ಅದಕ್ಕೇ ಹಿಂದ್ಗಡೆ ಬಾಗಿಲು ದಾಟೋ ಮುಂಚೇನೇ ಬಿಡುಗಡೆ ಅಂತ ಮಾಡ್ಸಿದ್ರು.”

“ಪ್ರಜ್ಞೆ ಇಲ್ದೋಳನ್ನ ಬಿಡುಗಡೆ ಮಾಡಿದ್ರಾ?”

“ಹೂಂ.”

“ಸ್ವಂತ ಜವಾಬ್ದಾರಿ ಮೇಲೆ?”

ಕೋಲ್ಬಿ ಟೋಪಿಯ ಅಂಚನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

“ನನ್ನ ಕೈಯಲ್ಲಿ ಉಂಡೋನು ನೀನು. ಒಂದು ಫೋನ್ ಮಾಡೋಕಾಗ್ಲಿಲ್ವೇನೋ?”

“ಜೈಲಿನವ್ರು ಹೇಳಿರ್ತಾರೆ ಅಂದ್ಕೊಂಡೆ ವರ್ನೀಟಮ್ಮಾ, ಸತ್ಯವಾಗ್ಲೂ. ಪಟ್ಟೀಲೂ ಹಾಕಿದ್ರಲ್ಲ, ನೋಡಿರ್ತೀರ ಅಂದ್ಕೊಂಡೆ.”

ವರ್ನೀಟಾ ತಂತಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. “ಫೋಟೋ ತೆಗೆಯೋವಾಗ ನೀನಿದ್ಯಾ?”

“ನಾನೇ ಹಿಂದಿನಿಂದ ಹಿಡ್ಕೊಂಡು ನಿಲ್ಸಿದ್ದೆ. ಎಡಗೈ ಮೇಲೆತ್ತೋಕೇ ಆಗ್ತಿರ್ಲಿಲ್ಲ ಅವಳಿಗೆ. ಬಲಗೈಗೆ ಕೋಳ ಹಾಕಿ ಬೆಂಚಿಗೆ ಬಿಗಿದಿತ್ತು. ‘ಕೂದ್ಲು, ಕೂದ್ಲು ಸರಿಸು, ಕೂದ್ಲು ಸರಿಸು’ ಅಂತಿದ್ಲು. ನಾನು...” ಕೋಲ್ಬಿ ಮೈದಾನದ ಕಡೆ ಮುಖ ತಿರುಗಿಸಿದ. “ನಾನು, ಸುಮ್ನೆ ನಿಂತ್ಕೊಳ್ಳೇ, ಜೈಲಿನ ಫೋಟೋಗೆ ಎಂಥಾ ಶೋಕಿ ಅಂದೆ.”

ಅಯ್ಯೋ ದೇವರೇ! ವರ್ನೀಟಾ ಸಿಟ್ಟು ಎಂದು ಓದಿದ್ದು ಇದನ್ನು. ಆ ಫೋಟೋ ದಿನಾ ಬೆಳಿಗ್ಗೆ ಅವಳ ಅಂಗೈಯಲ್ಲೇ ಇತ್ತು. ಅಮ್ಮಾ ನಾನು ಚೆನ್ನಾಗಿಲ್ಲ, ಅಮ್ಮಾ ನಾನು ಚೆನ್ನಾಗಿಲ್ಲ ಎಂದು ಮಗಳು ಊರಿನವರೆಲ್ಲರ ಕಣ್ಣೆದುರೇ ಹೇಳುತ್ತಿದ್ದಳು. ಅದನ್ನು ಓದಬಲ್ಲವಳು ಇಡೀ ಕೆಲ್ಲಮ್‌ನಲ್ಲಿ ಒಬ್ಬಳೇ, ಅವಳು ಬಿಸ್ಕೆಟ್‌ಗೆ ಗ್ರೇವಿ ಸುರಿದುಕೊಂಡು ತಿನ್ನುತ್ತಿದ್ದಳು.

ಆಸ್ಪತ್ರೆ ಇರುವುದು ಬೆಟ್ಟದಾಚೆಯ ಪಟ್ಟಣದಲ್ಲಿ. ದಾರಿಯುದ್ದಕ್ಕೂ ವರ್ನೀಟಾ ಕೋಟನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು. ಓಪಲ್ ಕಣ್ಣೀರಿಗೆ ರಸ್ತೆ ಮಂಜಾದಾಗಲೊಮ್ಮೆ ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡಳು. ಆಸ್ಪತ್ರೆಯ ಮೇಜಿನ ಹಿಂದೆ ಕೂತ ಹುಡುಗಿ ಹೆಸರು ಕೇಳಿ, ಹುಡುಕಿ, ತಲೆಯೆತ್ತಿದಳು.

“ನೀವು ಅವರಿಗೇನಾಗ್ಬೇಕು?”

“ತಾಯಿ.”

“ಓ. ಜೊತೇಲಿ ಯಾರೂ ಬಂದಿರ್ಲಿಲ್ಲ. ಯಾರೂ ಇಲ್ದವ್ರು ಅಂತ ಬರ್ಕೊಂಡಿದೀವಿ.”

ಕ್ಯಾಸಿ ಬಿಳಿ ಹಾಸಿಗೆಯಲ್ಲಿ ಮಲಗಿದ್ದಳು. ಬಾಯಿಯಲ್ಲಿ ಕೊಳವೆ, ಪಕ್ಕದಲ್ಲಿ ಉಸಿರು ಎಳೆದು ಬಿಡುವ ಯಂತ್ರ. ಎಡತೋಳು ಸುತ್ತಿಟ್ಟ ಬಟ್ಟೆಯೊಳಗೆ ದಪ್ಪಗಿತ್ತು. ಮಣಿಕಟ್ಟಿನಲ್ಲಿ ಜೈಲಿನವರು ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಹಾಗೇ ಇತ್ತು, ಬಿಡುಗಡೆ ಮಾಡಿದವರಿಗೆ ಅದನ್ನು ಕತ್ತರಿಸುವಷ್ಟೂ ಪುರುಸೊತ್ತು ಇರಲಿಲ್ಲ. ಕೂದಲು ಮುಖದ ಮೇಲೆ ಬಿದ್ದು ಬೆವರಿಗೆ ಅಂಟಿಕೊಂಡಿತ್ತು.

ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದಳು. ಒಳ್ಳೆಯವಳು, ಕುರ್ಚಿ ಎಳೆದುಕೊಂಡು ವರ್ನೀಟಾಳ ಎದುರು ಕುಳಿತು ಹೇಳಿದಳು. ತೋಳಿನ ಕೀವು ರಕ್ತಕ್ಕೆ ಸೇರಿದೆ, ರಕ್ತದಿಂದ ಹೃದಯಕ್ಕೆ, ಹೃದಯದಿಂದ ಮಿದುಳಿಗೆ. ಬರುವಾಗಲೇ ತಡವಾಗಿತ್ತು. ಒಂದೆರಡು ದಿನ ಮೊದಲು ತಂದಿದ್ದರೆ ಏನಾದರೂ ಮಾಡಬಹುದಿತ್ತೋ ಏನೋ.

“ಕಣ್ಣು ಬಿಡ್ತಾಳಾ?”

“ಇಲ್ಲಮ್ಮ. ಇನ್ನು ಬಿಡಲ್ಲ. ಈಗ ಉಸಿರಾಡ್ತಿರೋದು ಮಿಷನ್ನು, ಅವ್ರಲ್ಲ.” ಡಾಕ್ಟರಮ್ಮ ವರ್ನೀಟಾಳ ಕೈ ಹಿಡಿದುಕೊಂಡಳು. “ಅವ್ರ ಕಡೆಯವ್ರು ಯಾರಾದ್ರೂ ಬರ್ಲಿ ಅಂತ ಕಾಯ್ತಿದ್ವಿ. ನೀವು ಒಂದು ಮಾತು ಹೇಳಿದ್ರೆ ಕೊಳವೆ ತೆಗೀತೀವಿ. ನೋವಾಗದ ಹಾಗೆ ನೋಡ್ಕೋತೀವಿ. ಅವ್ರನ್ನ ಇನ್ನು ಬಿಟ್ಟುಬಿಡೋದೇ ಒಳ್ಳೇದು ಅನ್ಸುತ್ತೆ.”

ವರ್ನೀಟಾ ಎದ್ದಳು. ತಂದಿದ್ದ ಕೋಟನ್ನು ಮಗಳ ಕಾಲಿನ ಮೇಲೆ ಹೊದಿಸಿದಳು. ಅಂಟಿಕೊಂಡ ಕೂದಲನ್ನು ಒಂದೊಂದೇ ಎಳೆ ಬಿಡಿಸಿ ಎಡಗಿವಿಯ ಹಿಂದಕ್ಕೆ ಸರಿಸಿದಳು. ಅದು ಜಾರಿ ಮತ್ತೆ ಮುಂದೆ ಬಂತು. ಮತ್ತೆ ಸರಿಸಿದಳು, ಬೆರಳಿನಿಂದ ಒತ್ತಿ ಹಿಡಿದಳು. ಕಿವಿ ಕಂಡಿತು.

“ಏನು ಮಾಡೋಣಮ್ಮ?” ಎಂದಳು ಡಾಕ್ಟರಮ್ಮ, ಮೆಲ್ಲಗೆ.

“ಬಿಡಬೇಡಿ,” ಎಂದಳು ವರ್ನೀಟಾ. “ಬಿಡಬೇಡಿ ಕಣಮ್ಮಾ. ಒಳಗೇ ಇರ್ಲಿ.”

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಓಪಲ್‌ಗೆ ಅರ್ಥವಾಯಿತು, ಅವಳು ಗೋಡೆಯ ಕಡೆ ತಿರುಗಿಕೊಂಡಳು.